ಸೋಮಾರಿಯೆಂಬ ತೀರ್ಪು

ಮಕ್ಕಳ ವಿಷಯದಲ್ಲಿ ನಾವು ಬಹು ಸುಲಭವಾಗಿ ಆಡಿಬಿಡುವ ಮಾತೊಂದಿದೆ: ‘ಸೋಮಾರಿ’. ಕುಂಟುವ ಹುಡುಗನನ್ನು ಓಡಲಿಲ್ಲವೆಂದು ಯಾರೂ ಬೈಯುವುದಿಲ್ಲ. ಕಿವಿ ಮಂದವಾದವನು ಕರೆದಾಗ ಬರಲಿಲ್ಲವೆಂದರೆ, ಕಾರಣ ತಿಳಿದ ಮೇಲೆ, ಕರೆದವನೇ ನಾಚಿಕೊಳ್ಳುತ್ತಾನೆ. ಆದರೆ ಕಣ್ಣು ಕಿವಿ ಕೈಕಾಲು ಎಲ್ಲ ನೆಟ್ಟಗಿರುವ, ಮಾತಿನಲ್ಲಿ ಚುರುಕಾದ, ಸಂತೆಯ ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳಬಲ್ಲ ಹುಡುಗನೊಬ್ಬ ನಾಲ್ಕನೆಯ ತರಗತಿಗೆ ಬಂದರೂ ಎರಡನೆಯ ತರಗತಿಯ ಪಾಠವನ್ನು ತಡವರಿಸಿ ತಡವರಿಸಿ ಓದಿದರೆ ನಮಗೆ ಬೇರೆ ಕಾರಣ ತೋಚುವುದಿಲ್ಲ. ಬುದ್ಧಿಯಿದೆ, ಓದು ಬರುವುದಿಲ್ಲ, ಆದ್ದರಿಂದ ಮನಸ್ಸಿಲ್ಲ. ತರ್ಕವೇನೋ ಚೊಕ್ಕವಾಗಿದೆ. ಎರಡೇ ಹೆಜ್ಜೆಯಲ್ಲಿ ನಾವು ಒಂದು ಮಗುವಿನ ಶೀಲದ ಮೇಲೆ ತೀರ್ಪು ಕೊಟ್ಟು ಮುಗಿಸಿರುತ್ತೇವೆ.

ತೀರ್ಪು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ‘ದಡ್ಡ’ ಎನ್ನುವುದು ಬುದ್ಧಿಯನ್ನು ಕುರಿತ ಮಾತು; ಅದು ಒರಟಾದರೂ ಅದರಲ್ಲಿ ಮರುಕಕ್ಕೆ ಎಡೆಯುಂಟು. ‘ಸೋಮಾರಿ’ ಹಾಗಲ್ಲ, ಅದು ಆಪಾದನೆ. ಮಾಡಬಲ್ಲವನಾಗಿಯೂ ಮಾಡುತ್ತಿಲ್ಲ ಎಂಬುದು ಅದರ ಅರ್ಥ. ಇಂಥ ಆಪಾದನೆ ಹೊರಿಸಬೇಕಾದರೆ ಆ ಮಗು ಎಷ್ಟು ಪ್ರಯತ್ನಪಟ್ಟಿತು ಎಂಬುದು ನಮಗೆ ತಿಳಿದಿರಬೇಕು. ತಿಳಿದಿರುವುದು ಫಲ ಮಾತ್ರ. ಪ್ರಯತ್ನವೆಂಬುದು ಒಳಗೆ ನಡೆಯುವ ವ್ಯಾಪಾರ. ಅದನ್ನು ನೋಡಿದವರು ಯಾರು? ಬೆವರು ಕಾಣುವ ಕೆಲಸದಲ್ಲಾದರೆ ಅಷ್ಟಿಷ್ಟು ಊಹಿಸಬಹುದು. ಪುಸ್ತಕದ ಮುಂದೆ ಕುಳಿತ ಮಗುವಿನ ಹಣೆಯಲ್ಲಿ ಬೆವರು ಮೂಡುವುದಿಲ್ಲ. ಮೂಡಿದರೂ ನಾವದನ್ನು ಭಯವೆಂದುಕೊಳ್ಳುತ್ತೇವೆ.

ಡಿಸ್‌ಲೆಕ್ಸಿಯ ಎಂಬ ಹೆಸರನ್ನು ಪೇಟೆಯ ವಾಚಕರು ಈಗ ಕೇಳಿಯೇ ಇರುತ್ತಾರೆ. ಹೆಸರು ಹಳೆಯದು. ‘ಪದಗುರುಡು’ ಎಂಬ ಅರ್ಥದ ಮಾತನ್ನು ಜರ್ಮನಿಯ ವೈದ್ಯ ಕುಸ್‌ಮೌಲ್ 1877ರಲ್ಲಿ ಬಳಸಿದ. ಹತ್ತು ವರ್ಷದ ಮೇಲೆ ಬರ್ಲಿನ್ ಎಂಬ ಹೆಸರಿನ ನೇತ್ರವೈದ್ಯ ಡಿಸ್‌ಲೆಕ್ಸಿಯ ಎಂಬ ಪದವನ್ನು ಹುಟ್ಟಿಸಿದ. ಇವರು ಕಂಡದ್ದು ಮೆದುಳಿಗೆ ಪೆಟ್ಟಾಗಿ ಓದು ಮರೆತ ದೊಡ್ಡವರನ್ನು. ಹುಟ್ಟಿನಿಂದಲೇ ಹೀಗಿರುವ ಮಗುವನ್ನು ಮೊದಲು ವಿವರವಾಗಿ ಲೋಕದ ಮುಂದಿಟ್ಟವನು ಇಂಗ್ಲೆಂಡಿನ ವೈದ್ಯ ಪ್ರಿಂಗ್ಲ್ ಮಾರ್ಗನ್, 1896ರಲ್ಲಿ. ಹುಡುಗನ ಹೆಸರು ಪರ್ಸಿ, ವಯಸ್ಸು 14. ಅಂಕಿಗಳನ್ನು ಸಲೀಸಾಗಿ ಓದುತ್ತಿದ್ದ; ಆಟದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ; ಆದರೆ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದು, ತಪ್ಪಾಗಿದೆಯೆಂಬುದು ಮತ್ತೆ ಮತ್ತೆ ಕೇಳುವವರೆಗೂ ಅವನಿಗೆ ಗೊತ್ತಾಗಲಿಲ್ಲ. ಎಲ್ಲವನ್ನೂ ಬಾಯಿಮಾತಿನಲ್ಲೇ ಕಲಿಸುವುದಾದರೆ ಶಾಲೆಯಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಅವನ ಉಪಾಧ್ಯಾಯರು ಹೇಳಿದರಂತೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬ ಮೇಷ್ಟರು ಆಡಿದ ಮಾತು ಇದು. ವೈದ್ಯನ ಹೆಸರು ಉಳಿಯಿತು. ಕಣ್ಣಿದ್ದು ನೋಡಿದ ಆ ಮೇಷ್ಟರ ಹೆಸರು ಉಳಿಯಲಿಲ್ಲ.

ಆಮೇಲಿನ ಸಂಶೋಧನೆ ಹೇಳುವುದಿಷ್ಟು: ತೊಡಕು ಕಣ್ಣಿನದಲ್ಲ, ಬುದ್ಧಿಯದೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ, ಲಿಪಿಯ ಗುರುತುಗಳಿಗೆ ಹೊಂದಿಸಿ, ಆ ಹೊಂದಿಕೆಯನ್ನು ಅಭ್ಯಾಸದಿಂದ ತಾನಾಗಿ ನಡೆಯುವಂತೆ ಮಾಡಿಕೊಳ್ಳುವ ಶಕ್ತಿ ಕೆಲವರಲ್ಲಿ ಕುಂಠಿತವಾಗಿರುತ್ತದೆ. ವಂಶದಲ್ಲಿ ಹರಿದುಬರುವುದೂ ಉಂಟು. ನೂರಕ್ಕೆ ಐದರಿಂದ ಹತ್ತು ಮಂದಿಯೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಎಲ್ಲಿ ಗೆರೆ ಎಳೆಯುತ್ತೇವೆ ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ನಮಗೆ ಮುಖ್ಯವಾದದ್ದು ‘ತಾನಾಗಿ’ ಎಂಬ ಮಾತು. ನೀವು ಈ ಸಾಲನ್ನು ಓದುವಾಗ ಓದುತ್ತಿದ್ದೇನೆಂಬ ಅರಿವೇ ನಿಮಗಿಲ್ಲ. ಆ ಮಗುವಿಗೆ ಪ್ರತಿ ಅಕ್ಷರವೂ ಹೊಸದಾಗಿ ಎತ್ತಬೇಕಾದ ಕಲ್ಲು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುತ್ತಿರುವವನು ಅವನು. ಅವನನ್ನೇ ನಾವು ಸೋಮಾರಿ ಎನ್ನುತ್ತಿದ್ದೇವೆ.

ಇದು ಇಂಗ್ಲಿಷಿನ ಪೀಡೆ, ಬರೆದಂತೆ ಓದುವ ನಮ್ಮ ಕನ್ನಡಕ್ಕೆ ತಟ್ಟದು ಎಂದು ಹೇಳುವವರಿದ್ದಾರೆ. ಅರ್ಧ ಸತ್ಯ. ಕನ್ನಡದಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಜಗಳವಿಲ್ಲ, ನಿಜ. ಆದರೆ ಇಂಗ್ಲಿಷಿನ ಮಗು 26 ಗುರುತುಗಳನ್ನು ಕಲಿತರೆ, ನಮ್ಮ ಮಗು ಕಾಗುಣಿತ ಒತ್ತಕ್ಷರಗಳೊಡನೆ ನಾನೂರಕ್ಕೂ ಮಿಕ್ಕಿ ರೂಪಗಳನ್ನು ಕಣ್ಣಿಗೆ ಪಳಗಿಸಿಕೊಳ್ಳಬೇಕು. ಕನ್ನಡ ಶಾಲೆಗಳಲ್ಲಿ ಇದನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿದರು. ಇದು ಯಾವ ತೊಡಕೂ ಇಲ್ಲದ ಮಕ್ಕಳ ಮಾತು. ‘ಮ’ಕ್ಕೂ ‘ವು’ಗೂ ಇರುವ ಅಂತರ ಎಷ್ಟು ಕೂದಲೆಳೆಯದೆಂದು ಒಮ್ಮೆ ನೋಡಿ. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ನುಡಿಯುತ್ತೇವೆ, ಅರ್ಕಾವೊತ್ತಾಗಿ ಕೊನೆಗೆ ಬರೆಯುತ್ತೇವೆ. ‘ಸ್ನೇಹ’ದಲ್ಲಿ ಏತ್ವ ಕುಳಿತಿರುವುದು ಸಕಾರದ ತಲೆಯ ಮೇಲೆ, ಬಾಯಲ್ಲಿ ಬರುವುದು ಕೆಳಗೆ ನೇತಾಡುವ ನಕಾರದ ನಂತರ. ಬರೆದಂತೆ ಓದುತ್ತೇವೆಂಬ ನಮ್ಮ ಹೆಮ್ಮೆಗೆ ಇವು ಸಣ್ಣ ಅಪವಾದಗಳು. ಧ್ವನಿಯ ಸಾಲನ್ನು ಹಿಡಿದಿಟ್ಟುಕೊಳ್ಳಲಾರದ ಮಗುವಿಗೆ ಸಣ್ಣವಲ್ಲ.

ಇನ್ನೊಂದು ಸಂಗತಿ. ಲಿಪಿ ನೇರವಾಗಿರುವ ಭಾಷೆಗಳಲ್ಲಿ ಈ ತೊಡಕು ತಪ್ಪಾಗಿ ಓದುವುದರಲ್ಲಿ ಅಷ್ಟಾಗಿ ಕಾಣುವುದಿಲ್ಲ, ನಿಧಾನವಾಗಿ ಓದುವುದರಲ್ಲಿ ಕಾಣುತ್ತದೆ. ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳ ಓದುಗರನ್ನು ಹೋಲಿಸಿದ 2001ರ ಅಧ್ಯಯನವೊಂದರಲ್ಲಿ ಇಟಲಿಯವರು ಉಳಿದವರಿಗಿಂತ ಚೆನ್ನಾಗಿ ಓದಿದರು. ಮೆದುಳಿನ ಒಳಗಿನ ಚಿತ್ರ ಮಾತ್ರ ಮೂವರಲ್ಲೂ ಒಂದೇ. ಆದ್ದರಿಂದ ಕನ್ನಡದ ಮಗು ಬಹುಕಾಲ ಮರೆಯಲ್ಲಿ ಉಳಿಯಬಲ್ಲದು. ಅದಕ್ಕೆ ನಮ್ಮ ಶಾಲೆಯ ಹಾಡುಗಾರಿಕೆಯ ಪಾಠವೂ ಸಹಾಯಕ. ಇಡೀ ತರಗತಿ ಒಂದೇ ದನಿಯಲ್ಲಿ ಕಾಗುಣಿತ ಕೂಗುವಾಗ ಅವನೂ ಕೂಗುತ್ತಾನೆ. ಪಾಠವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಪುಸ್ತಕದ ಮೇಲೆ ಬೆರಳಿಟ್ಟು ‘ಓದು’ತ್ತಾನೆ. ಬೆರಳು ಮೂರನೆಯ ಸಾಲಿನಲ್ಲಿದ್ದು ಬಾಯಿ ಐದನೆಯ ಸಾಲಿನಲ್ಲಿರುವುದನ್ನು ಗಮನಿಸಲು ಮೇಷ್ಟರು ಅವನ ಪಕ್ಕಕ್ಕೇ ಬಂದು ಕೂರಬೇಕು. ಇಷ್ಟು ಕಷ್ಟಪಟ್ಟು ಮೋಸ ಮಾಡುವ ಮಗುವಿನಲ್ಲಿ ಸೋಮಾರಿತನ ಎಲ್ಲಿದೆ?

ಇಲ್ಲಿಯವರೆಗೆ ಹೇಳಿದ್ದು ನೇರವಾದ ಭಾಗ. ಹೊಸಪೇಟೆಯಿಂದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹೊರಟು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಗೆ ಬಂದರೆ ಪ್ರಶ್ನೆ ಗೋಜಲಾಗುತ್ತದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಈ ಐದೇ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ; ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮಕ್ಕಳೂ ಗಂಟುಮೂಟೆಯ ಜೊತೆ ಹೋಗುತ್ತಾರೆ. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಕೂಡ್ಲಿಗಿಯ ಪೂರ್ವದ ಅಂಚಿನಲ್ಲಿ ತೆಲುಗು ಮನೆಮಾತಾದ ಮಕ್ಕಳೂ ಇದ್ದಾರೆ. ಇಂಥ ಕಡೆ ಒಂದು ಮಗು ಓದಲಾರದೆ ಕುಳಿತರೆ ಕಾರಣಗಳಿಗೆ ಬರವಿಲ್ಲ. ಮೂರು ತಿಂಗಳು ಶಾಲೆ ತಪ್ಪಿತು. ಪಾಠದ ಮಾತು ಮನೆಯ ಮಾತಲ್ಲ. ಮನೆಯಲ್ಲಿ ಪುಸ್ತಕವೆಂಬುದೇ ಇಲ್ಲ. ಬೆಳಗ್ಗೆ ಹೊಟ್ಟೆಗೆ ಏನೂ ಬಿದ್ದಿಲ್ಲ. ಈ ಎಲ್ಲ ಕಾರಣಗಳ ರಾಶಿಯಡಿಯಲ್ಲಿ ಡಿಸ್‌ಲೆಕ್ಸಿಯವೂ ಇದ್ದರೆ ಹೆಕ್ಕಿ ತೆಗೆಯುವವರು ಯಾರು?

ವೈದ್ಯಶಾಸ್ತ್ರದ ನಿಯಮವೂ ಇಲ್ಲಿ ಮಗುವಿನ ವಿರುದ್ಧ ನಿಲ್ಲುತ್ತದೆ. ಸಾಕಷ್ಟು ಪಾಠ ಸಿಕ್ಕಿಯೂ ಓದು ಬಾರದಿದ್ದರೆ ಮಾತ್ರ ಅದು ಡಿಸ್‌ಲೆಕ್ಸಿಯ ಎನ್ನುವುದು ನಿಯಮ. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ. ಕಲಿಸದೆ ಇದ್ದುದನ್ನು ಬಾರದ್ದೆನ್ನಲಾಗದು. ಆದರೆ ಅದರ ಫಲ ನೋಡಿ. ಬೆಂಗಳೂರಿನ ಒಳ್ಳೆಯ ಶಾಲೆಯ ಹುಡುಗನ ತೊಡಕಿಗೆ ಒಂದು ಹೆಸರು ಸಿಗುತ್ತದೆ, ಹೆಸರಿನ ಹಿಂದೆ ಪ್ರಮಾಣಪತ್ರ, ಅದರ ಹಿಂದೆ ಸೌಲಭ್ಯ. ಅದೇ ತೊಡಕು ಹರಪನಹಳ್ಳಿಯ ತಾಂಡಾದಲ್ಲಿ ಹುಟ್ಟಿದರೆ ಅದಕ್ಕೆ ಸಿಗುವ ಹೆಸರು ‘ದಡ್ಡ’, ಇಲ್ಲವೆ ನಮ್ಮ ಹಳೆಯ ‘ಸೋಮಾರಿ’. ಚೆನ್ನಾಗಿ ಕಲಿಸಿದ್ದಾರೆಂಬ ಪುರಾವೆಯಿಲ್ಲದೆ ಕಲಿಯಲಾರ ಎಂದು ಒಪ್ಪುವಂತಿಲ್ಲ; ಚೆನ್ನಾಗಿ ಕಲಿಸುವುದು ಅವನ ಕೈಯಲ್ಲಿಲ್ಲ. ಪರೀಕ್ಷಿಸಿ ಹೇಳಬಲ್ಲ ದೊಡ್ಡ ಸಂಸ್ಥೆಗಳಲ್ಲಿ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, 1965ರಲ್ಲಿ ಹುಟ್ಟಿದ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಕೂಡ್ಲಿಗಿಯಿಂದ ಬೆಂಗಳೂರು 250 ಕಿಲೋಮೀಟರಿಗೂ ಮಿಕ್ಕಿದ ದಾರಿ. ದಿನಗೂಲಿಯ ತಂದೆಗೆ ಅದು ಎಷ್ಟು ದಿನದ ಕೂಲಿಯೆಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಹಾಗಾದರೆ ಮಗುವಿಗೆ ನೆರವಾಗಲು ಮೊದಲು ಕಾರಣ ತಿಳಿಯಲೇಬೇಕೆ? ನನಗೆ ಕಾಣುವಂತೆ ಈ ವಿಷಯದ ತಿರುಳು ಇದೇ. ಔಷಧಿಗೆ ಕಾರಣ ಬೇಕು, ತಾಳ್ಮೆಗೆ ಬೇಡ. ಓದಲು ತಡವರಿಸುವ ಮಗು ಗುಳೆಯಿಂದ ಬಂದುದೋ, ಮಾತು ಬೇರೆಯಾದುದೋ, ಮೆದುಳಿನ ಹೊಂದಿಕೆ ಬೇರೆಯಾದುದೋ, ಮೊದಲು ಮಾಡಬೇಕಾದ ಕೆಲಸ ಹೆಚ್ಚುಕಡಮೆ ಒಂದೇ: ಪಕ್ಕದಲ್ಲಿ ಕುಳಿತು ಎಲ್ಲಿ ಎಡವುತ್ತದೆಂದು ನೋಡಿ ಅಲ್ಲಿಂದ ಕಲಿಸುವುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿಕಲಿಯ ಮೂಲ ಆಶಯ ಇದೇ ಆಗಿತ್ತು. ಪ್ರತಿ ಮಗುವೂ ತನ್ನ ಹೆಜ್ಜೆಯಲ್ಲಿ ಏಣಿ ಹತ್ತಲಿ ಎಂಬುದು. ಹಲವು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಒಬ್ಬ ಮೇಷ್ಟರಿಂದ ಅದೆಷ್ಟು ಸಾಧ್ಯ ಎಂಬುದು ಬೇರೆ ಮಾತು. ಮೇಷ್ಟರನ್ನು ದೂರುವುದು ಇಲ್ಲಿ ಬಹಳ ಸುಲಭ. ನಾನು ಆ ಸುಲಭಕ್ಕೆ ಹೋಗಲಾರೆ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ, ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕುಳಿತಿರಿ ಎಂದು ಉಪದೇಶಿಸುವವರಿಗೆ ನಾಚಿಕೆಯಾಗಬೇಕು.

ಆದರೆ ಹೆಸರು ಬೇಡವೇ ಬೇಡ ಎಂದೂ ಹೇಳಲಾರೆ. ಹೆಸರು ಬಂದ ದಿನ ಆಪಾದನೆ ಹೋಗುತ್ತದೆ. ಅದೇನು ಸಣ್ಣ ಲಾಭವಲ್ಲ. ಹೆಸರಿನಿಂದ ಹಕ್ಕೂ ಬರುತ್ತದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಇದಿರಲಿಲ್ಲ. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿ ಕಲಿಕೆಯ ನಿರ್ದಿಷ್ಟ ನ್ಯೂನತೆಯನ್ನೂ ಸೇರಿಸಿತು. ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕಂತೆ ಕಲಿಸುವುದು ಶಾಲೆಗಳ ಹೊಣೆಯಾಯಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಇವೂ ಕಾಯಿದೆಯಲ್ಲಿ ಬಂದವು.

ಹೆಚ್ಚಿನ ಸಮಯ ಎಂದೊಡನೆ ಆಕ್ಷೇಪ ಏಳುತ್ತದೆ: ಉಳಿದ ಮಕ್ಕಳಿಗೆ ಇದು ಅನ್ಯಾಯವಲ್ಲವೆ? ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಡಿಯಾರ ಇರುವುದೇ ಸಮತೆಯಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಾತ್ರಿಯೆಲ್ಲ ಓದಿದ ಹುಡುಗಿಯೊಬ್ಬಳ ಬಾಯಿಂದ ಬಂದರೆ ಉತ್ತರ ಕೊಡಲೇಬೇಕು. ಉತ್ತರ ಇನ್ನೊಂದು ಪ್ರಶ್ನೆಯಲ್ಲಿದೆ: ಪರೀಕ್ಷೆ ಅಳೆಯುತ್ತಿರುವುದೇನು? ಇತಿಹಾಸದ ಪರೀಕ್ಷೆ ಅಳೆಯಬೇಕಾದದ್ದು ವಿಜಯನಗರ ಏಕೆ ಬಿದ್ದಿತೆಂಬುದು ತಿಳಿದಿದೆಯೆ ಎಂಬುದನ್ನು. ಮೂರು ಗಂಟೆಯಲ್ಲಿ ಎಷ್ಟು ಅಕ್ಷರ ಓದಬಲ್ಲ, ಗೀಚಬಲ್ಲ ಎಂಬುದನ್ನಲ್ಲ. ಗಡಿಯಾರ ನಾವು ಅನುಕೂಲಕ್ಕೆಂದು ತಂದಿಟ್ಟ ಉಪಕರಣ. ಅದಕ್ಕೇ ಅಂಕ ಕೊಡಲು ಹೊರಟರೆ ಅನ್ಯಾಯವಾಗುವುದು ಆಗ. ಇದು ಎಲ್ಲ ಕಡೆಗೂ ಸಲ್ಲುವ ಉತ್ತರವಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು; ಬೇಗ ಓದುವುದೇ ಕೆಲಸವಾಗಿರುವ ಉದ್ಯೋಗಗಳಿವೆ. ಭಾಷೆಯ ವಿನಾಯಿತಿಯನ್ನಂತೂ ನಾನು ಅನುಮಾನದಿಂದಲೇ ನೋಡುತ್ತೇನೆ. ಇಂಗ್ಲಿಷನ್ನು ಬಿಡಿಸಿದರೆ ಹತ್ತನೆಯ ತರಗತಿ ದಾಟಬಹುದು. ಮುಂದೆ ಎಷ್ಟು ಬಾಗಿಲುಗಳು ಮುಚ್ಚುತ್ತವೆಂದು ಆ ದಿನ ಹುಡುಗನಿಗೆ ಯಾರಾದರೂ ಹೇಳುತ್ತಾರೆಯೆ?

ಈ ಸೀಮೆಯಲ್ಲಿ ನಿಂತು ಇನ್ನೊಂದು ಯೋಚನೆ ಬರುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, 2014ರಲ್ಲಿ ತೀರಿಕೊಂಡವರು, ಅಕ್ಷರ ಕಲಿಯದೆಯೇ ಹನ್ನೆರಡು ಮಹಾಕಾವ್ಯಗಳನ್ನು ಕಂಠದಲ್ಲಿಟ್ಟುಕೊಂಡು ಬುರ್ರಕಥೆ ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. ಮಾತೇ ಬಂಡವಾಳವಾಗಿದ್ದ ಲೋಕದಲ್ಲಿ ಡಿಸ್‌ಲೆಕ್ಸಿಯ ಎಂಬುದು ಇದ್ದರೂ ಕಾಣುತ್ತಿರಲಿಲ್ಲ. ಕಾಣದ್ದರಿಂದ ಯಾರೂ ಅದಕ್ಕಾಗಿ ಏಟು ತಿನ್ನುತ್ತಿರಲಿಲ್ಲ. ಅಕ್ಷರವನ್ನು ಎಲ್ಲ ಬಾಗಿಲಿಗೂ ಬೀಗದಕೈ ಮಾಡಿದವರು ನಾವು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಗಾದೆ ಹೇಳಿಕೊಳ್ಳುತ್ತ, ಒಕ್ಕಾಲಿಲ್ಲದವನ ಮುಕ್ಕಾಲನ್ನು ಲೆಕ್ಕಕ್ಕೇ ಹಿಡಿಯದೆ ಕಳಿಸುತ್ತಿದ್ದೇವೆ.

ಈ ಯೋಚನೆ ಇಲ್ಲಿಗೇ ನಿಂತರೆ ಅಪಾಯ. ‘ಓದು ಬಾರದಿದ್ದರೇನಾಯಿತು, ಕುರಿ ಕಾಯಲಿ’ ಎನ್ನುವುದು ಮರುಕದ ವೇಷ ಹಾಕಿದ ಕ್ರೌರ್ಯ. ಬಸ್ಸಿನ ಬೋರ್ಡು, ಪಹಣಿ, ಬ್ಯಾಂಕಿನ ಕಾಗದ, ಔಷಧಿಯ ಚೀಟಿ, ಫೋನಿನ ಪರದೆ ಇವುಗಳ ನಡುವೆ ಬಾಳಬೇಕಾದವನಿಗೆ ಗೊರವಯ್ಯನ ಕಾಲವನ್ನು ತೋರಿಸಿ ಸಮಾಧಾನ ಹೇಳಲಾಗದು. ಈ ಮಕ್ಕಳು ಓದಲಾರರೆಂದಲ್ಲ. ನಿಧಾನವಾಗಿ, ಬೇರೆ ದಾರಿಯಲ್ಲಿ, ಹೆಚ್ಚು ಸಲ ಹೇಳಿಸಿಕೊಂಡು ಓದಬಲ್ಲರು. ಅವರಿಗೆ ಕಲಿಸುವ ಹೊಣೆಯಿಂದ ಕರುಣೆಯ ಹೆಸರಿನಲ್ಲಿ ಜಾರಿಕೊಳ್ಳುವುದು ಬೆತ್ತಕ್ಕಿಂತ ಮೃದುವಾಗಿ ಕಂಡೀತು, ಅಷ್ಟೆ.

2007ರಲ್ಲಿ ಬಂದ ‘ತಾರೆ ಜಮೀನ್ ಪರ್’ ಎಂಬ ಹಿಂದಿ ಚಿತ್ರ ನಮ್ಮ ಪೇಟೆಗಳಲ್ಲಿ ಈ ತೊಡಕಿನ ಪರಿಚಯ ಮಾಡಿಸಿತು, ಅದಕ್ಕೆ ಋಣಿಗಳು. ಆದರೆ ಅದರ ಹುಡುಗ ಕೊನೆಗೆ ಅದ್ಭುತ ಚಿತ್ರಗಾರನಾಗಿ ಮೆರೆಯುತ್ತಾನೆ. ಅಂದಿನಿಂದ ಇಂಥ ಪ್ರತಿ ಮಗುವಿನಲ್ಲೂ ಒಂದು ಗುಪ್ತನಿಧಿ ಇರಲೇಬೇಕೆಂಬ ನಿರೀಕ್ಷೆ ಬೆಳೆದಿದೆ. ಐನ್‌ಸ್ಟೈನ್‌ಗೂ ಹೀಗೇ ಇತ್ತಂತೆ ಎಂಬ, ಗಟ್ಟಿ ಆಧಾರವಿಲ್ಲದ ಸಮಾಧಾನವೂ ಸೇರಿಕೊಂಡಿದೆ. ಇದು ಹಳೆಯ ತೀರ್ಪಿನ ಹೊಸ ಪ್ರತಿ. ಹಡಗಲಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬೆಳಗಿನ ಜಾವ ಎದ್ದು ಮಲ್ಲಿಗೆಯ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಚಕಚಕನೆ ಕಟ್ಟಿ ಮುಗಿಸುತ್ತಾಳೆ. ಶಾಲೆಯಲ್ಲಿ ಮೂರು ಅಕ್ಷರಗಳನ್ನು ಒಂದು ಪದವಾಗಿ ಕಟ್ಟಲಾರಳು. ಹೂ ಕಟ್ಟುವುದು ಪ್ರತಿಭೆಯೇನಲ್ಲ, ಊರಿನ ಅರ್ಧ ಹೆಂಗಸರಿಗೆ ಬರುತ್ತದೆ. ಅವಳು ಚಿತ್ರ ಬರೆಯುವುದಿಲ್ಲ, ಹಾಡುವುದೂ ಇಲ್ಲ. ಅವಳಲ್ಲಿ ಯಾವ ನಿಧಿಯೂ ಸಿಕ್ಕದೆ ಹೋದರೆ ನಮ್ಮ ತಾಳ್ಮೆ ಮುಗಿಯುವುದೆ? ಸಾಮಾನ್ಯವಾಗಿರುವ ಹಕ್ಕು ಅವಳಿಗಿಲ್ಲವೆ? ಓದು ಸರಾಗವಾಗಿ ಬರುವ ಎಷ್ಟೋ ಮಕ್ಕಳು ಸಾಮಾನ್ಯರೇ. ಅವರನ್ನು ಯಾರೂ ಲೆಕ್ಕ ಕೇಳುವುದಿಲ್ಲ.

ಶಾಲೆಯಲ್ಲಿ ಮಾಡಬಹುದಾದದ್ದಕ್ಕೆ ದೊಡ್ಡ ಖರ್ಚಿಲ್ಲ. ತಯಾರಿಯಿಲ್ಲದೆ ಎದ್ದು ನಿಲ್ಲಿಸಿ ಓದಿಸದಿರುವುದು. ನಾಳೆ ಓದಬೇಕಾದ ನಾಲ್ಕು ಸಾಲನ್ನು ಇಂದೇ ತೋರಿಸಿರುವುದು. ಪದವನ್ನು ಚಪ್ಪಾಳೆಗೆ ಒಡೆದು ಕೇಳಿಸುವುದು. ಅಕ್ಷರವನ್ನು ಮರಳಿನಲ್ಲಿ ಬೆರಳಿಂದ ತಿದ್ದಿಸುತ್ತ ಬಾಯಲ್ಲಿ ಹೇಳಿಸುವುದು. ಬಾಯಿಮಾತಿನ ಉತ್ತರಕ್ಕೂ ಅಂಕ ಕೊಡುವುದು. ಹಿಂದಿನ ಕಾಲದ ಮಠದ ಅಯ್ಯಗಳು ಮರಳಿನ ಮೇಲೆ ತಿದ್ದಿಸುತ್ತಿದ್ದುದನ್ನು ನಾವು ಹಳೆಯದೆಂದು ಬಿಟ್ಟೆವು. ಈಗ ಅದೇ ಪರದೇಶದ ತಜ್ಞರ ಪುಸ್ತಕಗಳಲ್ಲಿ ತಿರುಗಿ ಬಂದಿದೆ. ದಂಡಂ ದಶಗುಣಂ ಎಂಬ ಇನ್ನೊಂದು ಹಳೆಯದು ಮಾತ್ರ ಬಿಡಲು ಮನಸ್ಸಾಗಿಲ್ಲ; 2009ರ ಶಿಕ್ಷಣದ ಹಕ್ಕಿನ ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಮೇಲೂ. ತಂಗಿಯ ಮುಂದೆ ಅಣ್ಣನನ್ನು ಹೀಗಳೆಯುವುದು ಮಾನಸಿಕ ಹಿಂಸೆಯೆಂದು ಎಷ್ಟು ಮನೆಗಳಲ್ಲಿ ಗೊತ್ತು?

ಮನೆಯಲ್ಲಿ ಹೆಚ್ಚು ಕೂಗಾಡುವವನು ಸಾಮಾನ್ಯವಾಗಿ ಅಪ್ಪ. ‘ಏನಲೇ, ಇಷ್ಟು ವರ್ಷ ಸಾಲಿಗೆ ಕಳಿಸಿದ್ದು ದಂಡ ಆತಲ್ಲ’ ಎಂದು ಅವನು ಕೈಯೆತ್ತುವಾಗ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ: ನೀವು ಸಾಲಿ ಬಿಟ್ಟದ್ದು ಯಾವ ಇಯತ್ತೆಗೆ, ಯಾಕೆ? ವಂಶದಲ್ಲಿ ಹರಿದುಬರುವ ತೊಡಕು ಎಂದ ಮೇಲೆ, ನಾಲ್ಕನೆಯ ತರಗತಿಗೇ ಪಾಟಿಚೀಲ ಬಿಸಾಕಿ ಎತ್ತಿನ ಹಿಂದೆ ಹೋದ ಎಷ್ಟೋ ಅಪ್ಪಂದಿರು ಅದೇ ಕಲ್ಲನ್ನು ಹೊತ್ತು ಸೋತವರಾಗಿರಬಹುದು. ಅವರಿಗೂ ಯಾರೋ ಸೋಮಾರಿ ಎಂದಿದ್ದರು, ಅವರದನ್ನು ನಂಬಿದರು, ಈಗ ಮಗನಿಗೆ ದಾಟಿಸುತ್ತಿದ್ದಾರೆ.

ಅವ್ವನಿಗೆ ಓದು ಬರುವುದಿಲ್ಲವಾದ್ದರಿಂದ ಅವಳಿಂದ ಏನೂ ಆಗದು ಎಂದು ನಾವು ಪೇಟೆಯವರು ಎಣಿಸುತ್ತೇವೆ. ಹಾಗೇನಿಲ್ಲ. ಮಗು ಓದುವಾಗ ಪಕ್ಕದಲ್ಲಿ ಕೂರಲು ಅಕ್ಷರ ಬೇಡ. ತಪ್ಪು ಹಿಡಿಯಲು ಅವಳಿಗೆ ಬಾರದು. ಆದ್ದರಿಂದಲೇ ಅವಳ ಮುಂದೆ ತಪ್ಪಲು ಮಗುವಿಗೆ ಹೆದರಿಕೆಯಿಲ್ಲ. ರೊಟ್ಟಿ ಬಡಿಯುತ್ತ ಕುಳಿತ ಅವಳಿಗೆ ಆರು ಸಾಲಿನ ಕಥೆಯನ್ನು ಹುಡುಗ ಹತ್ತು ನಿಮಿಷ ಓದಿದರೂ ಆಕೆಗೆ ತಡವಾಯಿತೆನಿಸುವುದಿಲ್ಲ. ನಡುವೆ ಅವನು ನಿಂತರೆ, ನಿಜವಾಗಿ ತಿಳಿಯಬೇಕೆಂದೇ, ‘ಆಮ್ಯಾಲೆ ಏನಾತಪ್ಪಾ?’ ಎನ್ನುತ್ತಾಳೆ. ಅವನು ಮತ್ತೆ ಸಾಲಿನ ಮೇಲೆ ಬೆರಳಿಟ್ಟು ಹುಡುಕತೊಡಗುತ್ತಾನೆ.